ಹಳೆಯ ಕಾರಿನ ಪವರ್ ಸ್ಟೀರಿಂಗ್ ಬೆಳಗ್ಗೆ ಬಿಗಿ, ತಿರುಗಿಸಿದರೆ ಗುಂಯ್ ಎನ್ನುವ ಸದ್ದು: ಪಂಪು, ರ‍್ಯಾಕ್ ಎರಡನ್ನೂ ಬದಲಿಸಲೇಬೇಕೇ?

ಹಳೇಬಂಡಿ:

ನಮಸ್ಕಾರ. ನಾನು ಓಡಿಸುತ್ತಿರುವುದು 2003ರಲ್ಲಿ ತಯಾರಾದ ಪೆಟ್ರೋಲ್ ಸೆಡಾನ್. ಈವರೆಗೆ ಸುಮಾರು 1,90,000 ಕಿಲೋಮೀಟರ್ ಓಡಿದೆ. ಬೆಲ್ಟಿನಿಂದ ತಿರುಗುವ ಪಂಪು, ಅದರ ಪಕ್ಕದಲ್ಲಿ ಪ್ರತ್ಯೇಕವಾದ ಆಯಿಲ್ ಡಬ್ಬಿ, ಕೆಳಗೆ ರ‍್ಯಾಕ್ (ಸ್ಟೀರಿಂಗಿನ ತಿರುವನ್ನು ಚಕ್ರಗಳಿಗೆ ಮುಟ್ಟಿಸುವ ಹಲ್ಲಿನ ಸರಳು) ಇರುವ ಹೈಡ್ರಾಲಿಕ್, ಅಂದರೆ ಆಯಿಲಿನ ಒತ್ತಡದಿಂದ ನಡೆಯುವ, ಪವರ್ ಸ್ಟೀರಿಂಗ್ ಇದರಲ್ಲಿದೆ. ಎರಡು ತಿಂಗಳಿಂದ ಬೆಳಗ್ಗೆ ಗಾಡಿ ತೆಗೆಯುವಾಗ ಸ್ಟೀರಿಂಗ್ ಬಹಳ ಬಿಗಿಯಾಗಿರುತ್ತದೆ. ತಿರುಗಿಸಿದಂತೆಲ್ಲ ಬಾನೆಟ್ಟಿನ ಒಳಗಿನಿಂದ ಗುಂಯ್ ಎನ್ನುವ ಸದ್ದು ಬರುತ್ತದೆ, ಆಕ್ಸಿಲರೇಟರ್ ಒತ್ತಿದರೆ ಆ ಸದ್ದಿನ ಶ್ರುತಿಯೂ ಏರುತ್ತದೆ. ಹತ್ತು ಹದಿನೈದು ನಿಮಿಷ ಓಡಿಸಿದ ಮೇಲೆ ಬಿಗಿತ ಕಡಿಮೆಯಾಗುತ್ತದೆಯಾದರೂ ಮೊದಲಿನ ಹಗುರ ಬರುವುದಿಲ್ಲ. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದೂ ಮಂದವಾಗಿದೆ ಎಂದು ನನಗೆ ಅನ್ನಿಸುತ್ತಿದೆ. ಅದು ಭ್ರಮೆಯೂ ಇರಬಹುದು.

ಗ್ಯಾರೇಜಿನಲ್ಲಿ ತೋರಿಸಿದಾಗ ಎರಡು ನಿಮಿಷ ತಿರುಗಿಸಿ ನೋಡಿ, ಪಂಪು ಮತ್ತು ರ‍್ಯಾಕ್ ಎರಡನ್ನೂ ಬದಲಿಸಬೇಕೆಂದರು. ಬಾನೆಟ್ ತೆರೆದು ನೋಡಲೂ ಇಲ್ಲ. ಖರ್ಚಿಗಿಂತ ಹೆಚ್ಚಾಗಿ, ಕೆಟ್ಟಿರುವುದು ಯಾವುದೆಂದು ತಿಳಿಯದೆ ಎರಡನ್ನೂ ಕಿತ್ತು ಹಾಕುವುದು ನನಗೆ ಸರಿಯೆನಿಸಲಿಲ್ಲ. ಸ್ಪ್ಯಾನರ್ ಹಿಡಿಯುವ ಅಭ್ಯಾಸ ಸ್ವಲ್ಪ ಇದೆ. ಎಲ್ಲಿಂದ ಆರಂಭಿಸಲಿ?

ನಿವೃತ್ತ ಫಿಟ್ಟರ್:

ತಾವು ತಡೆದು ಕೇಳಿದ್ದು ಒಳ್ಳೆಯದಾಯಿತು. ಒಂದೆರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಮುಕ್ಕಾಲು ಪಾಲು ದಾರಿ ಕಾಣುತ್ತದೆ.

ಮೊದಲನೆಯದು, ಬಿಗಿತವು ಎಡಕ್ಕೂ ಬಲಕ್ಕೂ ಸಮನಾಗಿದೆಯೇ? ರ‍್ಯಾಕಿನ ಒಳಗೆ ಒಂದು ಪಿಸ್ಟನ್ ಇರುತ್ತದೆ. ಸ್ಟೀರಿಂಗನ್ನು ಯಾವ ಕಡೆ ತಿರುಗಿಸುತ್ತೇವೆಯೋ ಅದಕ್ಕೆ ತಕ್ಕಂತೆ ಆ ಪಿಸ್ಟನ್ನಿನ ಒಂದು ಬದಿಗೆ ಒತ್ತಡದ ಆಯಿಲನ್ನು ಕಳುಹಿಸುವ ಕೆಲಸವನ್ನು ಪಿನಿಯನ್ನಿನ (ಆ ಸರಳನ್ನು ಸರಿಸುವ ಹಲ್ಲುಗಾಲಿಯ) ಮೇಲಿರುವ ಚಿಕ್ಕ ವಾಲ್ವ್ ಮಾಡುತ್ತದೆ. ಒಂದೇ ಕಡೆ ಬಿಗಿಯಾಗಿದ್ದರೆ ವಾಲ್ವಿನ ಅಥವಾ ರ‍್ಯಾಕಿನ ಸೀಲುಗಳ ಮೇಲೆ ಸಂಶಯ ಪಡಬೇಕು. ಎರಡೂ ಕಡೆ ಸಮನಾಗಿದ್ದರೆ ಆಯಿಲ್ ಸರಬರಾಜಾಗುವ ಭಾಗವನ್ನು, ಅಂದರೆ ಬೆಲ್ಟು, ಆಯಿಲ್ ಮತ್ತು ಪಂಪನ್ನು ಮೊದಲು ನೋಡಬೇಕು.

ಎರಡನೆಯದು, ನಿಂತಲ್ಲೇ ತಿರುಗಿಸುವಾಗ ಎಂಜಿನ್ನಿನ ವೇಗವನ್ನು ಸ್ವಲ್ಪ ಏರಿಸಿದರೆ ಹಗುರವಾಗುತ್ತದೆಯೇ? ಹಾಗಾದರೆ ಪಂಪು ಸವೆದಿರಬಹುದು, ಬೆಲ್ಟು ಜಾರುತ್ತಿರಬಹುದು ಅಥವಾ ಪಂಪಿಗೆ ಬೇಕಾದಷ್ಟು ಆಯಿಲ್ ಸಿಗದೆ ಇರಬಹುದು. ಬೆಲ್ಟು ಜಾರಿದರೆ ಸಾಮಾನ್ಯವಾಗಿ ಕೀಚಲು ಸದ್ದು ಬರುತ್ತದೆ. ತಾವು ಹೇಳುತ್ತಿರುವ ಗುಂಯ್ ಸದ್ದಿನ ಜಾತಿಯೇ ಬೇರೆ.

ಮೂರನೆಯದು, ಡಬ್ಬಿಯಲ್ಲಿ ಆಯಿಲ್ ಎಷ್ಟಿದೆ, ಅದರ ಬಣ್ಣವೇನು, ಮೇಲೆ ನೊರೆ ಇದೆಯೇ ಎಂಬುದನ್ನು ಎಂಜಿನ್ ಓಡುತ್ತಿರುವಾಗಲೇ ನೋಡಿ ತಿಳಿಸಿ.

ಎರಡನೇ ಗೇರ್:

ಇವೆಲ್ಲಕ್ಕೂ ಮೊದಲು ಮುಂದಿನ ಟೈರುಗಳ ಗಾಳಿಯನ್ನು ಅಳೆಯಿರಿ ಎಂಬುದು ನನ್ನ ವಿನಂತಿ. ಹೇಳಲು ನಾಚಿಕೆಯಾಗುತ್ತದೆ, ನಾನು ಒಮ್ಮೆ ಸ್ಟೀರಿಂಗ್ ಬಿಗಿಯಾಯಿತೆಂದು ಪಂಪನ್ನು ಬಿಚ್ಚಿ ಟೇಬಲ್ ಮೇಲೆ ಇಟ್ಟಮೇಲೆ ಗಾಳಿ ಅರ್ಧಕ್ಕಿಂತ ಕಡಿಮೆ ಇದ್ದದ್ದು ಗೊತ್ತಾಯಿತು.

ಹಳೇಬಂಡಿ:

ಟೈರಿನ ಗಾಳಿ ಸರಿಯಾಗಿದೆ. ಬೆಲ್ಟಿನಲ್ಲಿ ಬಿರುಕಿಲ್ಲ, ಒಳಮೈ ಹೊಳಪೇರಿಲ್ಲ, ಬಿಗಿಯೂ ಸರಿಯಾಗಿದೆ. ಬಿಗಿತವು ಎರಡೂ ಕಡೆ ಸಮನಾಗಿದೆ ಮತ್ತು ಎಂಜಿನ್ ವೇಗ ಏರಿಸಿದರೆ ಕೊಂಚ ಕಡಿಮೆಯಾಗುತ್ತದೆ. ಡಬ್ಬಿಯಲ್ಲಿ ಆಯಿಲ್ ಕೆಳಗಿನ ಗೆರೆಯ ಹತ್ತಿರವಿತ್ತು. ಕೆಂಪಾಗಿರಬೇಕಾದ ಆಯಿಲ್ ಕಾಫಿ ಡಿಕಾಕ್ಷನ್ನಿನಂತೆ ಕಪ್ಪಾಗಿದೆ. ಎಂಜಿನ್ ಓಡುವಾಗ ಮೇಲೆ ಸಣ್ಣ ಗುಳ್ಳೆಗಳ ನೊರೆ ಕಾಣುತ್ತದೆ. ಗಾಡಿಯ ಕೆಳಗೆ ನೆಲದ ಮೇಲೆ ಎಲ್ಲಿಯೂ ಆಯಿಲ್ ತೊಟ್ಟಿಕ್ಕಿದ ಗುರುತಿಲ್ಲ. ಸದ್ಯಕ್ಕೆ ಆಯಿಲ್ ತುಂಬಿಸಿ ಓಡಿಸಬಹುದೇ?

ತೈಲಬಿಂದು:

ತುಂಬಿಸುವ ಮೊದಲು ಯಾವ ಆಯಿಲ್ ಎಂಬುದನ್ನು ದಯವಿಟ್ಟು ಖಚಿತಪಡಿಸಿಕೊಳ್ಳಿ. ಪವರ್ ಸ್ಟೀರಿಂಗ್ ಆಯಿಲ್ ಎಂದು ಕೇಳಿದರೆ ಅಂಗಡಿಯವರು ಕೈಗೆ ಸಿಕ್ಕಿದ್ದನ್ನು ಕೊಡುತ್ತಾರೆ, ಆದರೆ ಎಲ್ಲ ಗಾಡಿಗೂ ಹೊಂದುವ ಒಂದೇ ಆಯಿಲ್ ಎಂಬುದಿಲ್ಲ. ಹಲವು ಹಳೆಯ ಗಾಡಿಗಳಲ್ಲಿ ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ಡೆಕ್ಸ್ರಾನ್ ಜಾತಿಯ ಕೆಂಪು ಆಯಿಲನ್ನೇ ಬಳಸುತ್ತಾರೆ. ಹೋಂಡಾ ತನ್ನದೇ ಆದ ಸ್ಟೀರಿಂಗ್ ಆಯಿಲನ್ನು ಹೇಳುತ್ತದೆ. ಜರ್ಮನಿಯ ಹಲವು ಗಾಡಿಗಳಿಗೆ ಸಿಎಚ್‌ಎಫ್ 11ಎಸ್ ಎಂಬ ಹಸಿರು ಬಣ್ಣದ ಸಿಂಥೆಟಿಕ್ ಆಯಿಲ್ ಬೇಕು. ಬಣ್ಣ ನೋಡಿ ಗುರುತಿಸುವುದೂ ನಂಬಲರ್ಹವಲ್ಲ, ಏಕೆಂದರೆ ಬಣ್ಣವೆಂಬುದು ತಯಾರಕರು ಬೆರೆಸುವ ಗುರುತು ಮಾತ್ರ. ಡಬ್ಬಿಯ ಮುಚ್ಚಳದ ಮೇಲೆ ಅಥವಾ ಗಾಡಿಯ ಕೈಪಿಡಿಯಲ್ಲಿ ಬರೆದಿರುವುದೇ ಪ್ರಮಾಣ.

ಬ್ರೇಕ್ ಆಯಿಲನ್ನಂತೂ ತಪ್ಪಿಯೂ ಹಾಕಬೇಡಿ. ಎರಡು ಡಬ್ಬಿಗಳೂ ಬಾನೆಟ್ಟಿನ ಕೆಳಗೆ ನೋಡಲು ಒಂದೇ ರೀತಿ ಇರುವುದರಿಂದ ಈ ತಪ್ಪು ನಡೆಯುತ್ತಲೇ ಇರುತ್ತದೆ. ಸ್ಟೀರಿಂಗಿನ ರಬ್ಬರ್ ಸೀಲುಗಳು ಖನಿಜ ತೈಲಕ್ಕೆಂದು ಮಾಡಿದವು. ಗ್ಲೈಕಾಲ್ ಇರುವ ಬ್ರೇಕ್ ಆಯಿಲ್ ತಗುಲಿದರೆ ಅವು ಉಬ್ಬಿ ಮೆತ್ತಗಾಗುತ್ತವೆ. ಆಗ ನಿಜವಾಗಿಯೂ ಪಂಪು, ರ‍್ಯಾಕ್, ಹೋಸ್ ಎಲ್ಲವನ್ನೂ ಬದಲಿಸಬೇಕಾದೀತು.

ನೊರೆಯ ವಿಚಾರ. ನೊರೆ ಎಂದರೆ ಆಯಿಲಿನಲ್ಲಿ ಗಾಳಿ ಬೆರೆತಿದೆ ಎಂದರ್ಥ, ಗುಂಯ್ ಸದ್ದೂ ಅದಕ್ಕೇ ಹೊಂದುತ್ತದೆ. ಇದನ್ನು ಖಚಿತಪಡಿಸಲು ಯಾವ ಉಪಕರಣವೂ ಬೇಡದ ಒಂದು ಪರೀಕ್ಷೆ ಇದೆ. ಗಾಡಿ ಬಿಸಿಯಾದ ಮೇಲೆ, ಚಕ್ರಗಳನ್ನು ನೇರ ಇಟ್ಟು ಎಂಜಿನ್ ಓಡುತ್ತಿರುವಾಗ ಡಬ್ಬಿಯ ಮೇಲೆ ಆಯಿಲಿನ ಮಟ್ಟಕ್ಕೆ ಒಂದು ಗುರುತು ಹಾಕಿ. ನಂತರ ಎಂಜಿನ್ ಆರಿಸಿ ಮಟ್ಟ ಎಷ್ಟು ಏರುತ್ತದೆಂದು ನೋಡಿ. ಒತ್ತಡದಲ್ಲಿ ಕುಗ್ಗಿದ್ದ ಗಾಳಿ ಒತ್ತಡ ಇಳಿದ ಕೂಡಲೇ ಹಿಗ್ಗಿ ಆಯಿಲನ್ನು ಡಬ್ಬಿಯ ಕಡೆಗೆ ತಳ್ಳುತ್ತದೆ. ಟೊಯೊಟಾ ಗಾಡಿಗಳ ರಿಪೇರಿ ಕೈಪಿಡಿಗಳಲ್ಲಿ ಈ ಏರಿಕೆಗೆ 5 ಮಿಲಿಮೀಟರಿನ ಮಿತಿ ಹಾಕಿರುತ್ತಾರೆ.

ಮಂದಗತಿ:

ಇಷ್ಟೆಲ್ಲ ಕಷ್ಟವೇಕೆ? ಸೋರಿಕೆ ನಿಲ್ಲಿಸುವ ದ್ರಾವಣ ಸಣ್ಣ ಬಾಟಲಿಯಲ್ಲಿ ಸಿಗುತ್ತದೆ. ಡಬ್ಬಿಗೆ ಸುರಿದು ಒಂದು ವಾರ ಓಡಿಸಿದರೆ ಸೀಲುಗಳು ಮತ್ತೆ ಮೆತ್ತಗಾಗುತ್ತವೆ. ನನ್ನ ಹಳೆಯ ಗಾಡಿ ಅದರಿಂದಲೇ ಒಂದು ವರ್ಷ ಓಡಿತು.

ನಿವೃತ್ತ ಫಿಟ್ಟರ್:

ಒಂದು ವರ್ಷ ಓಡಿದ್ದನ್ನು ನಾನು ಅಲ್ಲಗಳೆಯುವುದಿಲ್ಲ. ಒಣಗಿ ಕುಗ್ಗಿದ ಸೀಲನ್ನು ಅದು ಉಬ್ಬಿಸುತ್ತದೆ, ಮಾರಲಿರುವ ಗಾಡಿಗೆ ಅಷ್ಟು ಸಾಕಾಗಲೂಬಹುದು. ಆದರೆ ಉಬ್ಬಿಸುವ ದ್ರವಕ್ಕೆ ಕೆಟ್ಟ ಸೀಲು ಯಾವುದು, ಒಳ್ಳೆಯದು ಯಾವುದು ಎಂಬ ವಿವೇಕವಿಲ್ಲ. ಅಲ್ಲದೆ ಇವರ ಗಾಡಿಯಲ್ಲಿ ಹೊರಗೆ ಸೋರಿಕೆಯೇ ಕಾಣುತ್ತಿಲ್ಲ. ರೋಗ ತಿಳಿಯುವ ಮೊದಲೇ ಔಷಧಿ ಕುಡಿಸಿದರೆ ಮುಂದಿನ ಪರೀಕ್ಷೆಗಳೂ ಕಲಸಿಹೋಗುತ್ತವೆ.

ಹಳೇಬಂಡಿ:

ಗುರುತು ಹಾಕಿ ನೋಡಿದೆ. ಎಂಜಿನ್ ಆರಿಸಿದ ಕೂಡಲೇ ಮಟ್ಟ ಸುಮಾರು 15 ಮಿಲಿಮೀಟರ್ ಮೇಲೇರಿತು. ಗಾಳಿ ಸೇರುತ್ತಿದೆ ಎಂಬುದರಲ್ಲಿ ಸಂಶಯ ಉಳಿಯಲಿಲ್ಲ. ಆದರೆ ಒಂದು ಪ್ರಶ್ನೆ: ಆಯಿಲ್ ಹೊರಗೆ ಬರಲಾಗದ ಕಡೆಯಿಂದ ಗಾಳಿ ಹೇಗೆ ಒಳಗೆ ಹೋಗುತ್ತದೆ?

ನಿವೃತ್ತ ಫಿಟ್ಟರ್:

ಬಹಳ ಜನ ಎಡವುವುದು ಇಲ್ಲಿಯೇ. ಪಂಪಿಗೆ ಎರಡು ಮಗ್ಗುಲುಗಳಿವೆ. ಒತ್ತುವ ಕಡೆ ಹಲವು ಗಾಡಿಗಳಲ್ಲಿ ಪೂರ್ತಿ ತಿರುವಿನ ವೇಳೆ 70ರಿಂದ 100 ಬಾರ್ ಒತ್ತಡ ಏಳುತ್ತದೆ. ಅಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಆಯಿಲ್ ಹೊರಗೆ ಚಿಮ್ಮುತ್ತದೆ. ಸೋರಿಕೆ ಹುಡುಕುವಾಗ ಆ ಹೋಸಿನ ಮೇಲೆ ಕೈಯಾಡಿಸಬಾರದು, ಆ ಒತ್ತಡದ ಆಯಿಲ್ ಚರ್ಮದೊಳಗೆ ನುಗ್ಗಬಲ್ಲದು. ಒಂದು ರಟ್ಟಿನ ತುಂಡನ್ನು ಹಿಡಿದು ನೋಡಬೇಕು. ಎಳೆಯುವ ಕಡೆ, ಅಂದರೆ ಡಬ್ಬಿಯಿಂದ ಪಂಪಿಗೆ ಬರುವ ದಪ್ಪ ಹೋಸಿನಲ್ಲಿ, ಹೊರಗಿನ ಗಾಳಿಗಿಂತಲೂ ಕಡಿಮೆ ಒತ್ತಡವಿರುತ್ತದೆ. ಅಲ್ಲಿ ಓ-ರಿಂಗ್, ಅಂದರೆ ಸಂದನ್ನು ಮುಚ್ಚುವ ರಬ್ಬರ್ ಬಳೆ, ಗಟ್ಟಿಯಾಗಿದ್ದರೆ ಅಥವಾ ಕ್ಲಾಂಪ್ ಸಡಿಲವಾಗಿದ್ದರೆ ಪಂಪು ಆಯಿಲಿನ ಜೊತೆ ಗಾಳಿಯನ್ನೂ ಹೀರಿಕೊಳ್ಳುತ್ತದೆ. ಎಂಜಿನ್ ನಿಂತಾಗ ಒಂದಿಷ್ಟು ಜಿನುಗಿದರೂ ಅದು ಪಂಪಿನ ಮೈಮೇಲೆ ಧೂಳು ಹಿಡಿದು ಕೂರುತ್ತದೆಯೇ ಹೊರತು ನೆಲಕ್ಕೆ ಬೀಳುವುದಿಲ್ಲ.

ಇನ್ನು ಡಬ್ಬಿಯ ತಳ. ಹಲವು ಡಬ್ಬಿಗಳ ಒಳಗೆ ಸಣ್ಣ ಜಾಲರಿ ಇರುತ್ತದೆ. ಇಪ್ಪತ್ತು ವರ್ಷದ ಕಪ್ಪು ಗಸಿ ಅದಕ್ಕೆ ಮೆತ್ತಿಕೊಂಡರೆ ಪಂಪು ಉಸಿರು ಕಟ್ಟಿದಂತೆ ಎಳೆಯಬೇಕಾಗುತ್ತದೆ. ಬೆಳಗಿನ ತಂಪಿನಲ್ಲಿ ಆಯಿಲ್ ಮಂದವಾಗಿರುವುದರಿಂದ ಎಳೆತ ಇನ್ನೂ ಕಷ್ಟ, ರಬ್ಬರ್ ಕೂಡ ಆಗ ಗಟ್ಟಿಯಾಗಿರುತ್ತದೆ. ಬಿಸಿಯಾದ ಮೇಲೆ ಎರಡೂ ಸಡಿಲಗೊಳ್ಳುತ್ತವೆ. ತಮ್ಮ ಗಾಡಿಯ ಬೆಳಗಿನ ಬಿಗಿತಕ್ಕೆ ಇದೇ ಕಾರಣವಿರಬೇಕೆಂದು ನನ್ನ ಊಹೆ. ಡಬ್ಬಿಯನ್ನು ಬಿಚ್ಚಿ ಜಾಲರಿ ತೊಳೆಯಿರಿ, ಪಂಪಿಗೆ ಆಯಿಲ್ ಬರುವ ಕಡೆಯ ಓ-ರಿಂಗ್ ಮತ್ತು ಆ ಹೋಸನ್ನು ಹೊಸದಾಗಿ ಹಾಕಿ, ಆಯಿಲ್ ಪೂರ್ತಿ ಬದಲಿಸಿ. ಪಂಪನ್ನು ಈಗಲೇ ಮುಟ್ಟಬೇಡಿ.

ಗೇಜ್‌ಪ್ರಿಯ:

ಊಹೆಗಿಂತ ಅಳತೆ ಮೇಲು ಎಂಬುದು ನನ್ನ ಅಭಿಪ್ರಾಯ. ಪಂಪಿನ ಒತ್ತಡದ ಹೋಸಿನ ನಡುವೆ ಗೇಜನ್ನೂ ಒಂದು ವಾಲ್ವನ್ನೂ ಜೋಡಿಸಿ, ಎಂಜಿನ್ ಓಡುತ್ತಿರುವಾಗ ವಾಲ್ವನ್ನು ಮುಚ್ಚಿದರೆ ಪಂಪಿನ ತಾಕತ್ತು ಗೊತ್ತಾಗುತ್ತದೆ. ಕೈಪಿಡಿ ಹೇಳಿದ ಒತ್ತಡ ಬಂದರೆ ಪಂಪು ಸರಿಯಾಗಿದೆ. ನಂತರ ವಾಲ್ವ್ ತೆರೆದು ಸ್ಟೀರಿಂಗನ್ನು ಕೊನೆಯವರೆಗೆ ತಿರುಗಿಸಿದಾಗ ಅದೇ ಒತ್ತಡ ಬಾರದಿದ್ದರೆ ರ‍್ಯಾಕಿನ ಒಳಗೆ ಸೋರುತ್ತಿದೆ. ಎರಡು ರೀಡಿಂಗಿನಲ್ಲಿ ವ್ಯಾಜ್ಯ ಮುಗಿಯುತ್ತದೆ. ವಾಲ್ವನ್ನು ಐದು ಸೆಕೆಂಡಿಗಿಂತ ಹೆಚ್ಚು ಮುಚ್ಚಿಡಬಾರದು, ಆಯಿಲ್ ಕಾದು ಪಂಪು ಕೆಡುತ್ತದೆ.

ನಿವೃತ್ತ ಫಿಟ್ಟರ್:

ಪರೀಕ್ಷೆಯ ಬಗ್ಗೆ ತಕರಾರಿಲ್ಲ, ಗೇಜ್‌ಪ್ರಿಯರೇ. ಆದರೆ ಗಾಳಿ ಬೆರೆತ ಆಯಿಲಿನಲ್ಲಿ ಅಳೆದರೆ ಒಳ್ಳೆಯ ಪಂಪು ಕೂಡ ಸೋತಂತೆ ಕಾಣುತ್ತದೆ, ಗೇಜಿನ ಮುಳ್ಳು ನಡುಗುತ್ತಿರುತ್ತದೆ. ಮೊದಲು ಗಾಳಿ ಹೋಗಲಿ. ಆಮೇಲೂ ಬಿಗಿತ ಉಳಿದರೆ ತಮ್ಮ ಗೇಜಿನ ಮಾತೇ ಕೊನೆಯ ಮಾತು.

ಹಳೇಬಂಡಿ:

ಭಾನುವಾರವಿಡೀ ಇದೇ ಕೆಲಸವಾಯಿತು. ಡಬ್ಬಿಯ ತಳದ ಜಾಲರಿಯ ಅರ್ಧಕ್ಕಿಂತ ಹೆಚ್ಚು ಭಾಗ ಕಪ್ಪು ಗಸಿಯಿಂದ ಮುಚ್ಚಿಹೋಗಿತ್ತು. ಓ-ರಿಂಗ್ ಬಿಚ್ಚಿದಾಗ ರಬ್ಬರಿನಂತಿರಲಿಲ್ಲ, ಪ್ಲಾಸ್ಟಿಕ್ ಬಳೆಯಂತೆ ಎರಡು ತುಂಡಾಯಿತು. ಅದನ್ನೂ ಎಳೆಯುವ ಹೋಸನ್ನೂ ಎರಡು ಕ್ಲಾಂಪುಗಳನ್ನೂ ಹೊಸದಾಗಿ ಹಾಕಿದೆ.

ಆಯಿಲ್ ಬದಲಿಸಲು ವಾಪಸ್ ಬರುವ ಹೋಸನ್ನು ಡಬ್ಬಿಯಿಂದ ಬಿಚ್ಚಿ ಒಂದು ಬಾಟಲಿಗೆ ಬಿಟ್ಟೆ, ಡಬ್ಬಿಯ ಆ ತೂತಿಗೆ ಬಿರಡೆ ಹಾಕಿದೆ. ಮುಂದಿನ ಚಕ್ರಗಳನ್ನು ಜ್ಯಾಕಿನಿಂದ ಎತ್ತಿ ಸ್ಟ್ಯಾಂಡುಗಳ ಮೇಲೆ ಕೂರಿಸಿ, ಎಂಜಿನ್ ಹಾಕದೆಯೇ ಸ್ಟೀರಿಂಗನ್ನು ಈ ಕೊನೆಯಿಂದ ಆ ಕೊನೆಗೆ ನಿಧಾನವಾಗಿ ತಿರುಗಿಸುತ್ತ, ಡಬ್ಬಿ ಬರಿದಾಗದಂತೆ ಹೊಸ ಆಯಿಲ್ ಸುರಿಯುತ್ತ ಹೋದೆ. ಸ್ವಚ್ಛ ಕೆಂಪು ಬಣ್ಣ ಬಂದ ಮೇಲೆ ಹೋಸ್ ಜೋಡಿಸಿ, ಮತ್ತೆ ಇಪ್ಪತ್ತು ಸಲ ಹಾಗೆಯೇ ತಿರುಗಿಸಿದೆ. ಗುಳ್ಳೆಗಳು ನಿಂತ ಮೇಲಷ್ಟೇ ಎಂಜಿನ್ ಹಾಕಿದೆ.

ಗುಂಯ್ ಸದ್ದು ಪೂರ್ತಿ ಹೋಯಿತು. ಈಗ ಆಯಿಲಿನ ಏರಿಕೆ 2 ಮಿಲಿಮೀಟರ್ ಇದ್ದೀತು. ಬೆಳಗಿನ ಬಿಗಿತವೂ ಬಹುಪಾಲು ಇಳಿದಿದೆ. ಆದರೆ ನಾನು ಭ್ರಮೆ ಎಂದುಕೊಂಡಿದ್ದ ವಿಷಯ ಭ್ರಮೆಯಲ್ಲ. ಚಕ್ರಗಳು ನೆಲದಿಂದ ಮೇಲಿದ್ದಾಗಲೇ ಕೈಗೆ ತಿಳಿಯಿತು: ಸ್ಟೀರಿಂಗಿನ ಒಂದು ಪೂರ್ಣ ಸುತ್ತಿನಲ್ಲಿ ಎರಡು ಕಡೆ ಹಿಡಿದಂತಾಗಿ, ಮತ್ತೆ ಬಿಡುತ್ತದೆ. ತಿರುವಿನ ನಂತರ ನೇರಕ್ಕೆ ಬರುವುದೂ ಸುಧಾರಿಸಿಲ್ಲ. ಕೊನೆಗೆ ರ‍್ಯಾಕೇ ಹೋಗಿದೆಯೇ?

ಎರಡನೇ ಗೇರ್:

ಸ್ಟ್ರಟ್ಟಿನ (ಮುಂದಿನ ಚಕ್ರದ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಇರುವ ಕಂಬದ) ಮೇಲಿನ ಬೇರಿಂಗ್ ಕೆಟ್ಟಾಗಲೂ ಸ್ಟೀರಿಂಗ್ ನೇರಕ್ಕೆ ಬರುವುದಿಲ್ಲ. ಬಾನೆಟ್ ತೆರೆದು ಸ್ಪ್ರಿಂಗಿನ ಮೇಲೆ ಬೆರಳಿಟ್ಟು, ಇನ್ನೊಬ್ಬರಿಂದ ಸ್ಟೀರಿಂಗ್ ತಿರುಗಿಸಿ ನೋಡಿ. ಸ್ಪ್ರಿಂಗ್ ಸಮನಾಗಿ ತಿರುಗದೆ ತಡೆದು ತಡೆದು ಜಿಗಿದರೆ ಅದೇ ಕಾರಣ.

ನಿವೃತ್ತ ಫಿಟ್ಟರ್:

ಅದನ್ನೂ ನೋಡಲಿ. ಆದರೆ ಒಂದು ಸುತ್ತಿಗೆ ಸರಿಯಾಗಿ ಎರಡು ಸಲ ಎಂಬ ಲೆಕ್ಕ ಬೇರೆ ಕಡೆ ಬೆರಳು ತೋರಿಸುತ್ತದೆ. ಸ್ಟೀರಿಂಗ್ ಕಾಲಮ್ಮಿನಿಂದ ರ‍್ಯಾಕಿಗೆ ಇಳಿಯುವ ನಡುವಿನ ಶಾಫ್ಟಿನಲ್ಲಿ ಯೂನಿವರ್ಸಲ್ ಜಾಯಿಂಟ್, ಅಂದರೆ ಓರೆಯಾಗಿ ಸೇರುವ ಶಾಫ್ಟುಗಳ ನಡುವೆ ತಿರುವನ್ನು ದಾಟಿಸುವ ಕೀಲು, ಇರುತ್ತದೆ. ಅಡ್ಡಡ್ಡವಾಗಿರುವ ಅದರ ಎರಡು ಅಚ್ಚುಗಳಲ್ಲಿ ಒಂದು ತುಕ್ಕು ಹಿಡಿದು ಜಡವಾದರೆ ಒಂದು ಸುತ್ತಿನಲ್ಲಿ ಎರಡು ಬಾರಿ ಹಿಡಿಯುತ್ತದೆ. ಕೆಳಗಿನ ಜಾಯಿಂಟ್ ಬಹಳಷ್ಟು ಗಾಡಿಗಳಲ್ಲಿ ನೀರು, ಕೆಸರು ಎರಚುವ ಜಾಗದಲ್ಲೇ ಇರುತ್ತದೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ನಮ್ಮ ಕೈಯ ಬಲವನ್ನು ಅಳೆದು ಆಯಿಲನ್ನು ತಿರುಗಿಸಿ ಕಳುಹಿಸುವ ವಾಲ್ವ್ ಇರುವುದು ರ‍್ಯಾಕಿನ ಪಿನಿಯನ್ನಿನಲ್ಲಿ. ಈ ಜಾಯಿಂಟ್ ಅದಕ್ಕಿಂತ ಮೇಲೆ, ಕೈಗೂ ವಾಲ್ವಿಗೂ ನಡುವೆ ಇದೆ. ಹಾಗಾಗಿ ವಾಲ್ವಿನ ಕೆಳಗಿನ ಬಿಗಿತವನ್ನು, ಉದಾಹರಣೆಗೆ ಚಕ್ರದ ಬಳಿಯ ಬಾಲ್ ಜಾಯಿಂಟಿನ ಜಡತೆಯನ್ನು, ಪಂಪು ತನ್ನ ಬಲದಿಂದ ಬಹಳ ಮಟ್ಟಿಗೆ ಮುಚ್ಚಿಹಾಕುತ್ತದೆ. ವಾಲ್ವಿನ ಮೇಲಿನ ಬಿಗಿತಕ್ಕೆ ಪಂಪಿನಿಂದ ಯಾವ ಸಹಾಯವೂ ಸಿಗುವುದಿಲ್ಲ, ಅದನ್ನು ನಮ್ಮ ಕೈಯೇ ಗೆಲ್ಲಬೇಕು. ಜಾಯಿಂಟ್ ಕೆಟ್ಟ ಗಾಡಿಗೆ ಹೊಸ ಪಂಪು, ಹೊಸ ರ‍್ಯಾಕ್ ಹಾಕಿದವರು ಮೊದಲಿನಷ್ಟೇ ಬಿಗಿಯೊಂದಿಗೆ ಹಿಂದಿರುಗಿದ್ದನ್ನು ನಾನು ಕೆಲಸದ ದಿನಗಳಲ್ಲಿ ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ.

ಶಾಫ್ಟ್ ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ತಂತಿಯನ್ನು ತೆಗೆಯಿರಿ. ಚಕ್ರಗಳನ್ನು ನೇರ ನಿಲ್ಲಿಸಿ, ಸ್ಟೀರಿಂಗ್ ಸ್ವಲ್ಪವೂ ಅಲುಗದಂತೆ ಸೀಟ್ ಬೆಲ್ಟಿನಿಂದ ಕಟ್ಟಿ. ಶಾಫ್ಟ್ ಬಿಚ್ಚಿದಾಗ ಸ್ಟೀರಿಂಗ್ ಸುತ್ತು ತಿರುಗಿದರೆ ಏರ್‌ಬ್ಯಾಗಿಗೆ ವಿದ್ಯುತ್ ಕೊಡುವ ಸುರುಳಿ ತಂತಿ ತುಂಡಾಗುತ್ತದೆ. ಶಾಫ್ಟಿಗೂ ಪಿನಿಯನ್ನಿಗೂ ಬಣ್ಣದಿಂದ ಗುರುತು ಹಾಕಿ.

ಮಂದಗತಿ:

ನಡುವೆ ಒಂದು ಪ್ರಶ್ನೆಗೆ ಕ್ಷಮಿಸಿ. ನನ್ನ ಈಗಿನ ಗಾಡಿಯಲ್ಲಿರುವುದು ಎಲೆಕ್ಟ್ರಿಕ್ ಸ್ಟೀರಿಂಗ್. ಪಾರ್ಕಿಂಗಿನಲ್ಲಿ ನಾಲ್ಕೈದು ಸಲ ಹಿಂದೆ ಮುಂದೆ ಮಾಡಿದರೆ ಬಿಗಿಯಾಗುತ್ತದೆ, ಸ್ವಲ್ಪ ಹೊತ್ತಿನ ನಂತರ ಸರಿಹೋಗುತ್ತದೆ. ಅದಕ್ಕೂ ಇದೇ ಕ್ರಮವೇ?

ಗೇಜ್‌ಪ್ರಿಯ:

ಜಾಯಿಂಟ್ ಮತ್ತು ಟೈರಿನ ಪರೀಕ್ಷೆಗಳು ಅದಕ್ಕೂ ಅನ್ವಯಿಸುತ್ತವೆ, ಆಯಿಲಿನ ಮಾತು ಮಾತ್ರ ಇಲ್ಲ. ನಿಂತಲ್ಲೇ ಪದೇ ಪದೇ ತಿರುಗಿಸಿದಾಗ ಮೋಟಾರು ಕಾಯುತ್ತದೆ. ಸುಟ್ಟುಹೋಗದಿರಲೆಂದು ಕಂಟ್ರೋಲ್ ಯೂನಿಟ್ ತಾನೇ ಸಹಾಯವನ್ನು ತಗ್ಗಿಸುತ್ತದೆ. ನಾಲ್ಕೈದು ಸಲಕ್ಕೇ ಹೀಗಾಗುತ್ತಿದ್ದರೆ ಬ್ಯಾಟರಿ, ಆಲ್ಟರ್ನೇಟರ್ ಮತ್ತು ಅರ್ಥ್ ತಂತಿಯ ಜೋಡಣೆಯನ್ನು ಪರೀಕ್ಷಿಸಿ, ನಂತರ ಸ್ಕ್ಯಾನರಿನಲ್ಲಿ ದೋಷದ ಕೋಡ್ ಓದಿಸಿ. ನಿಮ್ಮ ಗಾಡಿಯ ವಿವರಗಳೊಂದಿಗೆ ಬೇರೆಯಾಗಿ ಕೇಳಿದರೆ ಅನುಕೂಲ. ಅಂದಹಾಗೆ, ಮಾರಾಟದ ಕಾರಿಗೆ ಪವರ್ ಸ್ಟೀರಿಂಗ್ ಬಂದದ್ದು 1951ರ ಕ್ರೈಸ್ಲರ್ ಇಂಪೀರಿಯಲ್‌ನಲ್ಲಿ. ಎಲೆಕ್ಟ್ರಿಕ್ ಸ್ಟೀರಿಂಗ್ 1988ರಲ್ಲಿ ಸುಜುಕಿಯ ಸರ್ವೋ ಎಂಬ ಪುಟ್ಟ ಗಾಡಿಯಲ್ಲಿ ಬಂದಿತು.

ಹಳೇಬಂಡಿ:

ಸ್ಟ್ರಟ್ಟಿನ ಬೇರಿಂಗುಗಳು ಸರಿಯಾಗಿದ್ದವು. ಫಿಟ್ಟರ್ ಅವರು ಹೇಳಿದಂತೆ ಬ್ಯಾಟರಿ ಬಿಚ್ಚಿ, ಸ್ಟೀರಿಂಗ್ ಕಟ್ಟಿ, ಗುರುತು ಹಾಕಿ ಶಾಫ್ಟನ್ನು ಹೊರಗೆ ತೆಗೆದೆ. ಮೇಲಿನ ಜಾಯಿಂಟ್ ಎಲ್ಲ ಕಡೆಗೂ ಸಲೀಸಾಗಿ ಬಾಗುತ್ತದೆ. ಕೆಳಗಿನದು ಒಂದು ದಿಕ್ಕಿಗೆ ಬಾಗುತ್ತದೆ, ಇನ್ನೊಂದು ದಿಕ್ಕಿಗೆ ಎರಡೂ ಕೈಯಿಂದ ಒತ್ತಿದರೂ ಕದಲುವುದಿಲ್ಲ. ಬೇರಿಂಗಿನ ಬಟ್ಟಲುಗಳ ಸುತ್ತ ಕೆಂಪು ತುಕ್ಕಿನ ಪುಡಿ ಇದೆ. ಶಾಫ್ಟ್ ತೆಗೆದಿದ್ದಾಗಲೇ ರ‍್ಯಾಕಿನ ಪಿನಿಯನ್ನನ್ನು ಕೈಯಲ್ಲಿ ಅತ್ತಿತ್ತ ಸ್ವಲ್ಪ ತಿರುಗಿಸಿ ನೋಡಿದೆ, ಎಲ್ಲಿಯೂ ಹಿಡಿಯಲಿಲ್ಲ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಇದನ್ನೇ ಬಳಸಬಹುದೇ?

ನಿವೃತ್ತ ಫಿಟ್ಟರ್:

ಪರೀಕ್ಷೆಗಾಗಿ ಬೇಕಾದರೆ ಹಾಕಿ ನೋಡಿ, ಓಡಿಸಲು ಬೇಡ. ಒಳಗಿನ ಸೂಜಿ ಬೇರಿಂಗುಗಳು ತುಕ್ಕಾಗಿ ಪುಡಿಯಾದ ಮೇಲೆ ಎಣ್ಣೆಯಿಂದ ಜಾಯಿಂಟ್ ಕೆಲವು ದಿನ ಸಡಿಲವಾಗುತ್ತದೆ, ಆಮೇಲೆ ಮತ್ತೆ ಹಿಡಿಯುತ್ತದೆ ಅಥವಾ ಪ್ಲೇ (ಅಲುಗಾಡುವ ಸಡಿಲತೆ) ಬರುತ್ತದೆ. ಪಂಪು ಕೆಟ್ಟರೆ ಸ್ಟೀರಿಂಗ್ ಭಾರವಾಗುತ್ತದೆಯೇ ಹೊರತು ಚಕ್ರಗಳೊಂದಿಗಿನ ಕೊಂಡಿ ಕಳಚುವುದಿಲ್ಲ. ಈ ಶಾಫ್ಟ್ ಎಂದರೆ ಆ ಕೊಂಡಿಯೇ. ಹೊಸದನ್ನೇ ಹಾಕಿ. ಕೂರಿಸುವಾಗ ಬೋಲ್ಟು ಪಿನಿಯನ್ನಿನ ಕಚ್ಚಿನೊಳಗೆ ಹಾದುಹೋಗಿದೆಯೇ ಎಂದು ಕಣ್ಣಾರೆ ನೋಡಿ, ಹೊಸ ಬೋಲ್ಟನ್ನೇ ಬಳಸಿ, ಕೈಪಿಡಿ ಹೇಳಿದ ಟಾರ್ಕಿಗೆ ಬಿಗಿಗೊಳಿಸಿ.

ಹಳೇಬಂಡಿ:

ಹೊಸ ಶಾಫ್ಟ್ ಹಾಕಿ ಇಂದಿಗೆ ಮೂರು ವಾರವಾಯಿತು. ಬೋಲ್ಟಿನ ವಿಷಯದಲ್ಲಿ ಎಚ್ಚರಿಸಿದ್ದಕ್ಕೆ ವಿಶೇಷ ಧನ್ಯವಾದಗಳು; ಮೊದಲ ಸಲ ಶಾಫ್ಟ್ ಅರ್ಧ ಬೆರಳಿನಷ್ಟು ಮೇಲೆಯೇ ನಿಂತಿತ್ತು, ಬೋಲ್ಟು ಕಚ್ಚಿನ ಹೊರಗಿನಿಂದಲೇ ಹಾದುಹೋಗುತ್ತಿತ್ತು. ಬಿಚ್ಚಿ ಮತ್ತೆ ಕೂರಿಸಿದೆ.

ಈಗ ಬೆಳಗ್ಗೆ ಒಂದು ಕೈಯಲ್ಲಿ ಗಾಡಿಯನ್ನು ಹಿಂದೆ ತೆಗೆಯಬಹುದು, ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುತ್ತದೆ. ಆಯಿಲಿನ ಮಟ್ಟ ಹಾಕಿದ ಗುರುತಿನಲ್ಲೇ ಇದೆ. ಬಣ್ಣ ಮಾತ್ರ ಈಗಾಗಲೇ ಸ್ವಲ್ಪ ಮಂಕಾಗಿದೆ, ರ‍್ಯಾಕಿನ ಒಳಗೆ ಉಳಿದಿದ್ದ ಹಳೆಯ ಗಸಿ ಕರಗಿ ಬರುತ್ತಿರಬೇಕು. ಮುಂದಿನ ತಿಂಗಳು ಇನ್ನೊಮ್ಮೆ ಜಾಲರಿ ತೆಗೆದು ನೋಡಿ ಆಯಿಲ್ ಬದಲಿಸುತ್ತೇನೆ. ಪಂಪು ಮತ್ತು ರ‍್ಯಾಕ್ ಎರಡೂ ಹಳೆಯವೇ ಇವೆ.

ಗೇಜ್‌ಪ್ರಿಯ:

ಆಗ ಒತ್ತಡವನ್ನೂ ಒಮ್ಮೆ ಅಳೆದು ಇಲ್ಲಿ ಬರೆಯಿರಿ. ಪಂಪು ಸರಿಯಾಗಿದೆ ಎಂದು ಫಿಟ್ಟರ್ ಅವರು ಹೇಳಿದರೆ ನಾನು ನಂಬುತ್ತೇನೆ, ಆದರೂ ಗೇಜಿನಲ್ಲಿ ನೋಡಬೇಕೆಂಬ ಆಸೆ ನನಗೆ ಹೋಗುವುದಿಲ್ಲ.